ಐದನೇ ಗೂಟ

ಮೂರು ದಿನದ ಅಂಕೆಗಳು ಒಂದೇ ಶಾಯಿಯಲ್ಲಿ, ಒಂದೇ ಓಟದಲ್ಲಿ ಬಿದ್ದಿದ್ದವು. ಪರಿಮಳೆಯನ್ನು ಆ ಸಂಜೆ ಕೊರೆಯುತ್ತಿದ್ದದ್ದು ಅಷ್ಟೇ ವಿಷಯ. ದಿನಕ್ಕೊಂದರಂತೆ ಬರೆದ ಸಾಲುಗಳು ದಿನಕ್ಕೊಂದು ಥರ ಇರುತ್ತವೆ. ಒಂದು ದಿನ ಕೈ ಒದ್ದೆಯಾಗಿ ಶಾಯಿ ಕದಡಿರುತ್ತದೆ, ಒಂದು ದಿನ ದೋಣಿ ಅಲುಗಿ ಏಳು ಹೋಗಿ ಒಂದರಂತೆ ಕಾಣುತ್ತದೆ. ಈ ಮೂರು ಸಾಲು ಮಾತ್ರ ಕಾಪಿ ಬರೆದಷ್ಟು ನೆಟ್ಟಗಿದ್ದವು. 'ಕಮಲಾಕರ ಸರ್ ಗಮನಿಸಿದರೆ?' ಎಂದು ತನ್ನ ದಿನಚರಿಯಲ್ಲಿ ಬರೆದಳು. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತು, ಅದರ ಕೆಳಗೆ, 'ಗಮನಿಸಲಿಕ್ಕಿಲ್ಲ. ಅವರಿಗೆ ನನ್ನ ಅಕ್ಷರ ಚಂದ ಅಂತಷ್ಟೇ ಗೊತ್ತು' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹೀಗೆ ಅವಳ ಬಳಿ ಎರಡು ಪುಸ್ತಕಗಳಿದ್ದವು. ಒಂದು ದಿನಚರಿ, ಅದರಲ್ಲಿ ಇದ್ದದ್ದೆಲ್ಲ ನಿಜ, ಆದರೆ ಅದನ್ನು ಓದುವವರು ಯಾರೂ ಇರಲಿಲ್ಲ. ಇನ್ನೊಂದು ಹಸಿರು ರಟ್ಟಿನ ಅಳತೆ ಪುಸ್ತಕ; ಅದನ್ನು ಎಲ್ಲರೂ ನಂಬುತ್ತಿದ್ದರು.

ಯಲ್ಲಾಪುರದ ಕೆಳಗೆ ಕೆಂಚಿನಹಳ್ಳ ಎಂಬ ಸಣ್ಣ ಹೊಳೆಯೊಂದು ಕಾಡಿನಿಂದ ಇಳಿದು ಬರುತ್ತದೆ. ಮೊದಲು ಅದು ಹರಿಯುವ ನದಿಗೆ ಸೇರುತ್ತಿತ್ತು. ನದಿಗೆ ಅಣೆಕಟ್ಟು ಬಿದ್ದ ಮೇಲೆ ನಿಂತ ಹಿನ್ನೀರಿಗೆ ಸೇರುತ್ತದೆ. ಆ ಬಾಯಿಯಲ್ಲಿ ಹಳ್ಳ ತಾನು ಹೊತ್ತು ತಂದ ಮರಳು, ಮಣ್ಣು, ಕೊಳೆತ ಎಲೆ ಎಲ್ಲವನ್ನೂ ಇಳಿಸಿ ಸುಮ್ಮನಾಗುತ್ತದೆ. ಶಿರಸಿಯಲ್ಲಿ ಮಕ್ಕಳಿಗೆ ಪರಿಸರ ಶಿಬಿರ ನಡೆಸುವ ಕಮಲಾಕರ ಸರ್ ಆ ಜಾಗ ನೋಡಿ ಕುಣಿದಾಡಿಬಿಟ್ಟಿದ್ದರು. "ಸಮುದ್ರದ ಅಳಿವೆ ನೋಡಲೆ ಕುಮಟೆಗೆ ಹೋಗವು ಹೇಳಿ ಎಂತ ಇದ್ದು? ಇದು ಸಿಹಿನೀರಿನ ಅಳಿವೆ!" ಎಂದಿದ್ದರು. ಪುಸ್ತಕ ಓದಿ ಪರಿಸರ ಬರುವುದಿಲ್ಲ, ಮಕ್ಕಳು ಮೊಣಕಾಲವರೆಗೆ ನೀರಿಗಿಳಿಯಬೇಕು, ಕಲ್ಲು ಮಗುಚಿ ಹುಳ ನೋಡಬೇಕು, ನೀರಿನ ಬಿಸಿ ತಂಪನ್ನು ಚರ್ಮದಿಂದ ಅಳೆಯಬೇಕು ಎನ್ನುವುದು ಅವರ ವಾದ.

ಆ ಬಾಯಿಯಿಂದ ಒಂದೂವರೆ ಮೈಲಿ ದೂರದಲ್ಲಿ ಪರಿಮಳೆಯ ಮನೆ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿದ್ದಳು. ನಾಲ್ಕು ಜನರೆದುರು ಬಾಯಿ ಬಿಡುವುದೆಂದರೆ ಅವಳಿಗೆ ಗಂಟಲು ಒಣಗುತ್ತಿತ್ತು. ಬರೆಯುವುದೆಂದರೆ ಹೊಟ್ಟೆ ತುಂಬುತ್ತಿತ್ತು. ಶಿಬಿರದ ಜಾಗದ ಅಳತೆಯನ್ನು ದಿನಾ ತೆಗೆದು ಬರೆಯುವ ಕೆಲಸ ಸಿಕ್ಕಾಗ ತನಗೆಂದೇ ಮಾಡಿದ ಕೆಲಸ ಎನ್ನಿಸಿತ್ತು. ದಡದಿಂದ ಹಿನ್ನೀರಿನ ಕಡೆಗೆ ಸಾಲಾಗಿ ಐದು ಬಿದಿರಿನ ಗೂಟ. ಪ್ರತಿ ಗೂಟದ ಬಳಿಯೂ ಬಣ್ಣದ ಗೆರೆ ಹಾಕಿದ ಕೋಲು ಇಳಿಸಿ ಎರಡು ಲೆಕ್ಕ ಬರೆಯಬೇಕು: ನೀರು ಎಷ್ಟು ಅಡಿ, ಮತ್ತು ಕೋಲನ್ನು ಒತ್ತಿದರೆ ನೆಲದೊಳಗೆ ಎಷ್ಟು ಬೆರಳು ಇಳಿಯುತ್ತದೆ. ಮಕ್ಕಳು ಎಲ್ಲಿಯವರೆಗೆ ನಿಲ್ಲಬಹುದು ಎಂದು ತಿಳಿಯುವುದು ಎರಡನೆಯ ಲೆಕ್ಕದಿಂದ. ಕೆರಿಯ ದೋಣಿ ಹಿಡಿಯುತ್ತಿದ್ದ. ಅವನದು ಅದೇ ನೀರಿನಲ್ಲಿ ಬಲೆ ಬಿಡುವ ಬದುಕು. ಅವನ ಹಳೆಯ ಕೇರಿ ಹಿನ್ನೀರಿನ ಅಡಿಯಲ್ಲೇ ಎಲ್ಲೋ ಇತ್ತು. ಹತ್ತೊಂಬತ್ತು ದಿನ ಪರಿಮಳೆ ತಪ್ಪದೆ ಹೋದಳು. ಹತ್ತೊಂಬತ್ತು ದಿನವೂ ಐದನೇ ಗೂಟದ ಮುಂದೆ ಅದೇ ಮಾತು: ನೀರು ಎರಡು ಅಡಿ, ಕೋಲು ಇಳಿದದ್ದು ನಾಲ್ಕು ಬೆರಳು.

ಇಪ್ಪತ್ತನೆಯ ದಿನ ಅವಳು ಹೊರಗಾದಳು.

ಅವರ ಮನೆಯಲ್ಲಿ ಹೊರಗಾದ ಹೆಂಗಸರಿಗೆ ಜಗುಲಿಯ ಆಚೆ ತುದಿಯ ಸಣ್ಣ ಕೋಣೆ. ಮೂರು ದಿನ ಚಾಪೆ ಬೇರೆ, ತಟ್ಟೆ ಲೋಟ ಬೇರೆ, ನಾಲ್ಕನೇ ದಿನ ಮಿಂದು ಒಳಗೆ. ಬಿ.ಎಸ್ಸಿ. ಓದುವಾಗ ಶಿರಸಿಯ ಹಾಸ್ಟೆಲ್ಲಿನಲ್ಲಿ ಈ ಯಾವುದೂ ಇರಲಿಲ್ಲ. ಮನೆಗೆ ಬಂದ ಮೇಲೆ, ವಾದ ಮಾಡಲು ಬಾಯಿ ಬೇಕಲ್ಲ, ಸುಮ್ಮನೆ ಚಾಪೆ ಸುತ್ತಿಕೊಂಡು ಹೋಗಿ ಕೂರುತ್ತಿದ್ದಳು.

"ಆಯಿ, ಯಂಗೆ ಹಳ್ಳಕ್ಕೆ ಹೋಗವು. ಅಳತೆ ಇದ್ದು," ಎಂದು ಮೊದಲ ದಿನ ಬಾಗಿಲ ಸಂದಿಯಿಂದ ಕೇಳಿದ್ದಳು.

ಅಮ್ಮ ಉತ್ತರಿಸುವ ಮೊದಲೇ ಒಳಗಿನಿಂದ ಅಜ್ಜಿ ವೆಂಕಮ್ಮ ಹೇಳಿದ್ದಳು. "ಹರಿಯೋ ನೀರು ಗಂಗೆ. ಈ ಮೂರು ದಿನ ಮುಟ್ಲಾಗ ಕೂಸೆ. ದೋಣಿ ಬೇರೆ ಹತ್ತವಡ. ಮೂರು ದಿನ ಅಳೀದಿದ್ರೆ ನಿನ್ನ ಹೊಳೆ ಎಲ್ಲಿಗೂ ಓಡಿ ಹೋಗ್ತಿಲ್ಲೆ."

ಎರಡನೆಯ ದಿನ ಆಗಬಾರದ ಮಳೆಯಾಯಿತು. ನವೆಂಬರ್ ಕೊನೆ, ಕೊಯ್ಲಿಗೆ ಬಂದ ಗದ್ದೆ ಮಲಗುವ ಹಾಗೆ ನಾಲ್ಕು ತಾಸು ಹೊಯ್ಯಿತು. ಮೇಲಿನ ಕಾಡಿನಲ್ಲಿ ಇನ್ನೂ ಜೋರಾಗಿತ್ತೆಂದು ಕೆಲಸದವರು ಮಾತಾಡಿಕೊಂಡರು. ಪರಿಮಳೆ ಕೋಣೆಯಲ್ಲಿ ಕೂತು ಕೇಳಿದಳು. ಅಳತೆ ಪುಸ್ತಕ ಒಳಗೆ ಕಪಾಟಿನಲ್ಲಿತ್ತು, ಅದನ್ನು ಮುಟ್ಟುವಂತಿರಲಿಲ್ಲ. ದಿನಚರಿ ಮಾತ್ರ ಜೊತೆಗಿತ್ತು, 'ಇಂದೂ ಹೊರಗೆ. ಮಳೆ. ಕೆರಿಯ ದೋಣಿ ಕಟ್ಟಿಕೊಂಡು ಕಾಯುತ್ತಿರಬಹುದು' ಎಂದು ಅದರಲ್ಲಿ ಬರೆದಳು.

ನಾಲ್ಕನೇ ದಿನ ಬೆಳಿಗ್ಗೆ ಮಿಂದು ಬಂದಿದ್ದಳಷ್ಟೆ, ತಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅಂಗಳದಲ್ಲಿ ಕಮಲಾಕರ ಸರ್ ಜೀಪು ನಿಂತಿತು. ಅವರು ಜಗುಲಿಯ ಮೇಲೆ ಅಪ್ಪಯ್ಯನ ಎದುರು ಕೂತು ಚಾ ಕುಡಿಯುತ್ತ ಅಲ್ಲಿಂದಲೇ ಕೂಗಿದರು.

"ತಂಗೀ, ಅಳತೆ ಪುಸ್ತಕ ಕೊಡು. ನಾಳೆನೇ ಮಕ್ಕ ಬತ್ತ. ಎಲ್ಲಿವರೆಗೆ ಇಳಿಸಲಕ್ಕು ಹೇಳಿ ಇವತ್ತು ನೋಡ್ಕಂಡು ಬಿಡ್ತಿ." ಆಮೇಲೆ ಅಪ್ಪಯ್ಯನಿಗೆ, "ಮಾವಯ್ಯ, ನಿಮ್ಮ ಕೂಸಿನ ಅಕ್ಷರ ನೋಡಲೆ ಕಾಸಿಲ್ಲೆ. ದನಿ ಕೇಳವು ಅಂದ್ರೆ ಮಾತ್ರ ಟಿಕೀಟು ತಗಳವು!"

ಅಪ್ಪಯ್ಯ ನಕ್ಕರು. ಪರಿಮಳೆ ಒಳಕೋಣೆಯಲ್ಲಿ ಕಪಾಟಿನ ಎದುರು ಪುಸ್ತಕ ತೆರೆದು ನಿಂತಿದ್ದಳು. ಮೂರು ಸಾಲು ಖಾಲಿ. ಹೊರಗೆ ಹೋಗಿ, ಸರ್, ಈ ಮೂರು ದಿನ ಅಳತೆ ಆಗಿಲ್ಲ ಎನ್ನಬೇಕು. ಅವರು 'ಯಾಕೆ?' ಎನ್ನುತ್ತಾರೆ. ಅಪ್ಪಯ್ಯ ಎದುರಿಗಿದ್ದಾರೆ, ಜೀಪಿನ ಡ್ರೈವರ್ ಇದ್ದಾನೆ. ಜ್ವರ ಎಂದು ಸುಳ್ಳು ಹೇಳಿದರೆ ಅಪ್ಪಯ್ಯನ ಮುಖ ನೋಡುವುದು ಹೇಗೆ? ಚಾ ಲೋಟ ಕೆಳಗಿಟ್ಟ ಸದ್ದಾಯಿತು. ಹತ್ತೊಂಬತ್ತು ದಿನ ಬದಲಾಗದ ಅಂಕೆ ಮೂರು ದಿನದಲ್ಲಿ ಬದಲಾಗುತ್ತದೆಯೇ? ನಿಂತಲ್ಲೇ ಬರೆದಳು. ಎರಡು ಅಡಿ, ನಾಲ್ಕು ಬೆರಳು. ಎರಡು ಅಡಿ, ನಾಲ್ಕು ಬೆರಳು. ಎರಡು ಅಡಿ, ನಾಲ್ಕು ಬೆರಳು. ತಲೆಯಿಂದ ಒಂದು ಹನಿ ನೀರು ಪುಟದ ಅಂಚಿಗೆ ಬಿತ್ತು. ಅದನ್ನು ಸೆರಗಿನಿಂದ ಒತ್ತಿದಳು.

ಮಧ್ಯಾಹ್ನ ಹೋಗಿ ನಿಜವಾಗಿ ಅಳೆದು ಬರೋಣ ಎಂದುಕೊಂಡಿದ್ದಳು. ಆದರೆ ಕಮಲಾಕರ ಸರ್ ಅವಳನ್ನೂ ಜೀಪಿಗೆ ಹತ್ತಿಸಿಕೊಂಡು ಯಲ್ಲಾಪುರಕ್ಕೆ ಕರೆದುಕೊಂಡು ಹೋದರು. ಬಿಳಿ ತಟ್ಟೆಗಳು, ಸೊಳ್ಳೆಪರದೆ ಹೊಲಿದು ಮಾಡಿದ ಬಲೆಗಳು, ಹಗ್ಗ, ಕರಿಹಲಗೆ ಎಲ್ಲ ಕಟ್ಟಿ ವಾಪಸಾಗುವಾಗ ದೀಪ ಹಚ್ಚುವ ಹೊತ್ತು. ಆ ಸಂಜೆಯೇ ಅವಳು ದಿನಚರಿಯಲ್ಲಿ ಶಾಯಿಯ ಚಿಂತೆ ಬರೆದದ್ದು.

ಮರುದಿನ ಎಂಟು ಗಂಟೆಗೆ ಅವಳು ಹಳ್ಳದ ಬಾಯಿಗೆ ಬಂದಾಗ ಕೆರಿಯ ಆಗಲೇ ದೋಣಿಯಲ್ಲಿದ್ದ. ನಾಲ್ಕನೇ ಮತ್ತು ಐದನೇ ಗೂಟ ಇರಲಿಲ್ಲ. ಮಳೆಯ ನೀರು ಎಳೆದುಕೊಂಡು ಹೋಗಿತ್ತು. ಅವು ಇದ್ದಲ್ಲಿ ನಯವಾದ ಹೊಸ ಮರಳು ನೀರಿನಡಿಯಲ್ಲಿ ಹಳದಿಯಾಗಿ ಹೊಳೆಯುತ್ತಿತ್ತು. ನೋಡಲು ಮೊದಲಿಗಿಂತ ಚಂದ.

"ಮೂರ್ ದಿವ್ಸ ದೋಣಿ ಕಟ್ಕಂಡ್ ಕಾದೆ ಅಮ್ಮಾ," ಎಂದ ಕೆರಿಯ. ಅವಳು ತಲೆ ತಗ್ಗಿಸಿದ್ದು ನೋಡಿ ಅವನಿಗೆ ಅರ್ಥವಾಯಿತು. ಮೂವರು ಹೆಣ್ಣುಮಕ್ಕಳ ಅಪ್ಪ ಅವನು. "ಹೋಗ್ಲಿ ಬಿಡಿ," ಎಂದು ಬೇರೆ ಕಡೆ ತಿರುಗಿ ಹೊಸ ಗೂಟ ಕೈಗೆತ್ತಿಕೊಂಡ.

ದಡದ ಮೇಲೆ ಒಂದು ಹೊನ್ನೆಮರವಿತ್ತು. ಅದನ್ನೂ ಆಚೆ ದಡದ ಬಂಡೆಯನ್ನೂ ಒಂದೇ ಗೆರೆಗೆ ತಂದುಕೊಂಡು, ಮೊದಲಿದ್ದ ಸಾಲಿನಲ್ಲೇ ಗೂಟ ಹೊಡೆದ. ನಾಲ್ಕನೆಯದಕ್ಕೆ ನಾಲ್ಕೈದು ಪೆಟ್ಟು ಬೇಕಾಯಿತು. ಐದನೆಯದಕ್ಕೆ ಪೆಟ್ಟೇ ಬೇಕಾಗಲಿಲ್ಲ. ಅವನು ಕೊಡತಿ ಕೆಳಗಿಟ್ಟು ದಡದಲ್ಲಿದ್ದ ಕಮಲಾಕರ ಸರ್‌ಗೆ ಕೂಗಿ ಹೇಳಿದ.

"ಒಡೆಯಾ, ಇಲ್ಲಿ ಮಣ್ಣು ಸಮ ಇಲ್ಲ. ಬೆಣ್ಣೆಗೆ ಕಡ್ಡಿ ಚುಚ್ಚಿದಾಂಗೆ ಇಳೀತದೆ. ಗೂಟ ಹೋದಲ್ಲಿ ನೆಲಾನೂ ಹೋಗಿರ್ತದೆ."

ಕಮಲಾಕರ ಸರ್ ಕಂಕುಳಲ್ಲಿದ್ದ ಹಸಿರು ಪುಸ್ತಕ ತೆರೆದರು. ಬೆರಳಿಟ್ಟು ಕೆಳಗಿನ ಮೂರು ಸಾಲು ಓದಿದರು. "ಮಳೆ ಬಂದ ದಿನವೂ ನಾಲ್ಕು ಬೆರಳು, ಮಾರನೇ ದಿನವೂ ನಾಲ್ಕೇ ಬೆರಳು. ಮೇಲೆ ಹೊಸ ಮರಳು ಕೂತಿದೆ, ಅದಕ್ಕೆ ನಿನಗೆ ಮೆತ್ತಗೆ ಅನ್ನಿಸ್ತು ಮಾರಾಯ." ಆಮೇಲೆ ಪರಿಮಳೆಯ ಕಡೆ ತಿರುಗಿದರು. "ಗೂಟ ಹೋದದ್ದು ಬರೀಲೇ ಇಲ್ಲವಲ್ಲ?"

"ಮರೆತೆ ಸರ್," ಎಂದಳು ಪರಿಮಳೆ.

ಅದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಸಲೀಸಾಗಿ ಬಂತು. ಕೆರಿಯ ದೋಣಿಯಲ್ಲಿ ನಿಂತು ಅವಳನ್ನೊಮ್ಮೆ ನೋಡಿ, ಕೊಡತಿಯನ್ನು ಬದಿಗೆ ಸರಿಸಿದ. ಅವಳು ಮನಸ್ಸಿನಲ್ಲೇ ಒಂದು ಪರಿಹಾರ ಕಂಡುಕೊಂಡಳು: ಮಕ್ಕಳು ನೀರಲ್ಲಿರುವಷ್ಟು ಹೊತ್ತೂ ನಾಲ್ಕನೇ ಗೂಟದ ಬಳಿ ತಾನೇ ನಿಲ್ಲುವುದು. ತನ್ನನ್ನು ದಾಟಿ ಯಾರನ್ನೂ ಐದಕ್ಕೆ ಬಿಡದಿರುವುದು. ಬಾಯಿಂದ ಆಗದ್ದನ್ನು ಮೈಯಿಂದ ಮಾಡುವುದು.

ಹತ್ತು ಗಂಟೆಗೆ ಮುಕ್ತಾರನ ಟೆಂಪೊ ಬಂತು. ಯಲ್ಲಾಪುರದ ಶಾಲೆಯ ಏಳನೇ ತರಗತಿಯ ಇಪ್ಪತ್ತೆರಡು ಮಕ್ಕಳು ಕುರಿಮರಿಗಳಂತೆ ಹಾರಿ ಇಳಿದರು. ಅವರಲ್ಲಿ ಮುಕ್ತಾರನ ಮಗಳು ನಸ್ರೀನ್ ಕೂಡ ಇದ್ದಳು. ಎರಡು ಜಡೆಯ, ಮುಂದಿನ ಹಲ್ಲೊಂದು ಅರ್ಧ ಮುರಿದ ಹುಡುಗಿ. ಪ್ರಶ್ನೆ ಕೇಳದೆ ಉಸಿರಾಡುತ್ತಿರಲಿಲ್ಲ.

"ಟೀಚರ್, ಈ ಹುಳ ಕಲ್ಲು ಅಂಟಿಸ್ಕೊಂಡು ಮನೆ ಕಟ್ಟಿದೆ ನೋಡ್ರಿ! ಇದಕ್ಕೆ ಗೌಂಡಿ ಯಾರು?"

"ಅದೇ ಗೌಂಡಿ, ಅದೇ ಯಜಮಾನ," ಎಂದಳು ಪರಿಮಳೆ. ಮಕ್ಕಳ ಜೊತೆ ಅವಳಿಗೆ ಅಷ್ಟು ಮಾತು ಬರುತ್ತಿತ್ತು.

"ನಮ್ಮನೆ ಹಿತ್ತಿಲ ಗೋಡೆ ಎರಡು ವರ್ಷ ಆಯ್ತು, ಮುಗೀವಲ್ದು. ಅಬ್ಬಾಗೆ ಹೇಳ್ತೀನಿ, ಈ ಹುಳಾನ ಕರ್ಕೊಂಡು ಹೋಗೂಣ ಅಂತ."

ದಡದಲ್ಲಿ ಟೆಂಪೊಗೆ ಒರಗಿ ಬೀಡಿ ಸೇದುತ್ತಿದ್ದ ಮುಕ್ತಾರ್, "ನೋಡ್ರಿ ಮೇಡಂ, ಅಪ್ಪನ ಮಾನ ಹೊಳ್ಯಾಗ ಹಾಕ್ತಾಳ," ಎಂದು ನಕ್ಕ.

ಆಮೇಲೆ ತಂಪು ಬಿಸಿಯ ಪಾಠ. ಹಳ್ಳದ ನೀರು ಕಾಡಿನ ನೆರಳಿನಿಂದ ಬಂದದ್ದು, ತಣ್ಣಗೆ. ಹಿನ್ನೀರು ದಿನವಿಡೀ ಬಿಸಿಲಿಗೆ ಬಿದ್ದದ್ದು, ಬೆಚ್ಚಗೆ. ಎರಡೂ ಸೇರುವ ಕಡೆ ನಿಂತರೆ ಒಂದು ಕಾಲಿಗೆ ಒಂದು, ಇನ್ನೊಂದು ಕಾಲಿಗೆ ಇನ್ನೊಂದು. ಮಕ್ಕಳು ಕೈ ಕೈ ಹಿಡಿದು ಮೂರನೇ ಗೂಟದವರೆಗೆ ಸಾಲಾಗಿ ನಿಂತು ಹುಡುಕುತ್ತಿದ್ದರು. ಒಮ್ಮೆ ನಸ್ರೀನ್ ಕಿರುಚಿದಳು. "ಸಿಕ್ತು! ಟೀಚರ್, ನನ್ನ ಬಲಗಾಲು ಯಲ್ಲಾಪುರ, ಎಡಗಾಲು ಅಂಕೋಲೆ!" ದಿನಾ ಘಟ್ಟ ಇಳಿದು ಸೆಕೆಯ ಅಂಕೋಲೆಗೆ ಗಾಡಿ ಓಡಿಸುವವನ ಮಗಳು. ಎಲ್ಲರೂ ನಕ್ಕರು. ನಾಲ್ಕನೇ ಗೂಟದ ಬಳಿ ಕಾವಲು ನಿಂತಿದ್ದ ಪರಿಮಳೆಯೂ ನಕ್ಕಳು. ಬೆಳಗಿನಿಂದ ಎದೆಯ ಮೇಲಿದ್ದ ಕಲ್ಲು ಸ್ವಲ್ಪ ಸರಿದಂತಾಯಿತು.

"ಇನ್ನೂ ಮುಂದೆ ಹೋದ್ರೆ ಪೂರಾ ಗೊತ್ತಾಗ್ತದಾ ಟೀಚರ್?" ಎಂದು ನಸ್ರೀನ್ ಐದನೇ ಗೂಟದ ಕೆಂಪು ಬಟ್ಟೆ ತೋರಿಸಿದಳು.

ಹೌದು, ಅಲ್ಲಿ ಪೂರಾ ಗೊತ್ತಾಗುತ್ತಿತ್ತು. ಹತ್ತೊಂಬತ್ತು ದಿನ ಪರಿಮಳೆ ಅಲ್ಲೇ ಕಾಲಿಟ್ಟು ನೋಡಿದ್ದಳು. ಅವಳು ಹೂಂ ಎನ್ನಲೂ ಇಲ್ಲ, ಉಹುಂ ಎನ್ನಲೂ ಇಲ್ಲ. ಅಷ್ಟರಲ್ಲಿ ದಡದಿಂದ ಕರೆ ಬಂತು. "ಪರಿಮಳಾ, ಬಾ ಇಲ್ಲಿ! ಮಕ್ಕಳ ಅಂಕೆ ಎಲ್ಲ ಹಲಗೆ ಮೇಲೆ ಬರಿ. ನನ್ನ ಅಕ್ಷರ ಇವರಿಗೆ ತಿಳೀತಿಲ್ಲ!"

ಅವಳು ನಿಂತಳು. ಸರ್, ನಾನು ಇಲ್ಲಿಂದ ಕದಲುವಂತಿಲ್ಲ ಎನ್ನಬೇಕಿತ್ತು. ಎಂದರೆ, ಯಾಕೆ ಎನ್ನುತ್ತಾರೆ. "ಯಾರೂ ಮುಂದೆ ಹೋಗಬೇಡಿ," ಎಂದಷ್ಟು ಹೇಳಿ, ಅದೂ ಅರ್ಧ ಜನಕ್ಕೆ ಕೇಳದ ದನಿಯಲ್ಲಿ ಹೇಳಿ, ದಡಕ್ಕೆ ಬಂದು ಸೀಮೆಸುಣ್ಣ ಹಿಡಿದಳು. ಎರಡನೇ ಸಾಲು ಬರೆಯುತ್ತಿದ್ದಳು.

ಕೂಗು ನಸ್ರೀನಳದ್ದಲ್ಲ, ಪಕ್ಕದ ಹುಡುಗಿಯದು. ಪರಿಮಳೆ ತಿರುಗಿದಾಗ ಐದನೇ ಗೂಟ ಓರೆಯಾಗಿತ್ತು. ನಸ್ರೀನ್ ಅದನ್ನು ಎರಡೂ ಕೈಯಿಂದ ಅಪ್ಪಿಕೊಂಡಿದ್ದಳು, ಸೊಂಟದವರೆಗೆ ನೀರು. ಎರಡಡಿ ನೀರಿನಲ್ಲಿ ಸೊಂಟದವರೆಗೆ. ಮರುಕ್ಷಣ ಎದೆಯವರೆಗೆ. ಅವಳು ಕೂಗುತ್ತಿರಲಿಲ್ಲ, ತನ್ನ ಕಾಲನ್ನು ಯಾರು ಹಿಡಿದಿದ್ದಾರೆಂದು ನೋಡುವವಳಂತೆ ಕೆಳಗೆ ನೋಡುತ್ತಿದ್ದಳು. ಆಮೇಲೆ ಗೂಟ ಕಿತ್ತುಕೊಂಡು ಬಂತು, ಅವಳು ಗೂಟದ ಸಮೇತ ಮುಂದಕ್ಕೆ ಬಿದ್ದಳು.

ಪರಿಮಳೆ ಓಡಿದಳು. ಅವಳಿಗಿಂತ ಮೊದಲು ಮುಕ್ತಾರ್ ಓಡಿದ. ಅವನೂ ತೊಡೆಯವರೆಗೆ ಹೂತು ನಿಂತುಬಿಟ್ಟ, ಮಗಳಿಗೆ ಎರಡು ಮೊಳ ದೂರದಲ್ಲಿ, ಕೈ ಚಾಚಿದರೆ ಒಂದು ಗೇಣು ಸಾಲದೆ. ಕೆರಿಯ ದೋಣಿ ತಂದು, ದೋಣಿಯ ಅಂಚಿನಿಂದ ಹೊಟ್ಟೆಯ ಮೇಲೆ ಮಲಗಿ, ಹಲಗೆ ಒಡ್ಡಿ, ಕೆಸರಿನೊಳಗೆ ಭುಜದವರೆಗೆ ಕೈಯಿಳಿಸಿ ಕಾಲು ಒಂದೊಂದಾಗಿ ಬಿಡಿಸಿದ. ಮಗುವನ್ನು ದಡಕ್ಕೆ ತಂದು ಮಲಗಿಸುವಾಗ ಕಾಲು ಗಂಟೆ ಆಗಿತ್ತು, ಉಸಿರಿರಲಿಲ್ಲ. ಕರಿಹಲಗೆಯ ಮೇಲೆ ಎರಡನೇ ಸಾಲು ಅರ್ಧಕ್ಕೆ ನಿಂತಿತ್ತು, ಅಕ್ಷರ ಮುತ್ತಿನಂತಿತ್ತು.

ಪೊಲೀಸರು ಅದೇ ಕೋಲು ತಂದು ಅದೇ ಜಾಗದಲ್ಲಿ ಒತ್ತಿ ನೋಡಿದರು. ಒಂದು ತೆಳು ಮರಳಿನ ಪದರ, ಅದರ ಕೆಳಗೆ ಮೂರು ಅಡಿ ಕೆಸರು.

ಆಮೇಲೆ ಎಲ್ಲರೂ ಒಂದೇ ಪ್ರಶ್ನೆ ಹಿಡಿದರು: ಎರಡು ದಿನದ ಹಿಂದೆ ಗಟ್ಟಿಯಿದ್ದ ನೆಲ ಅಷ್ಟರಲ್ಲೇ ಹೀಗಾಯಿತೇ? ಪುಸ್ತಕ ನೋಡಿದವರಿಗೆ ಉತ್ತರ ಒಂದೇ. ನೆಲ ಬದಲಾಗಿಲ್ಲ, ಗೂಟ ಜಾಗ ಬದಲಿಸಿದೆ. ಬೆಳಿಗ್ಗೆ ಗೂಟ ಹೊಡೆದವನು ಕೆರಿಯ. ಬಲೆ ಬಿಡಲು ಅನುಕೂಲವಾಗಲೆಂದು ಆಚೆ ಹೊಡೆದಿರಬೇಕು, ಅಥವಾ ಕುಡಿದಿರಬೇಕು. ಕಮಲಾಕರ ಸರ್ ಹೀಗೆ ಹೇಳಲಿಲ್ಲ, ಪಾಪ. ಹೀಗೆ ಹೇಳಿದವರ ಎದುರು ಪುಸ್ತಕ ತೆರೆದಿಟ್ಟು ಸುಮ್ಮನಾದರು. ಕೆರಿಯ ಬೆಳಿಗ್ಗೆ ಎಚ್ಚರಿಸಿದ್ದನ್ನೂ ಅವರು ಹೇಳಲಿಲ್ಲ. ಪರಿಮಳೆಯ ಹೇಳಿಕೆಯನ್ನು ಪೊಲೀಸರು ಮನೆಗೇ ಬಂದು ಬರೆದುಕೊಂಡರು. 'ದಿನಂಪ್ರತಿ ಅಳತೆ ತೆಗೆಯಲಾಗಿತ್ತು' ಎಂಬ ಸಾಲಿನ ಕೆಳಗೆ ಅವಳು ಸಹಿ ಹಾಕಿದಳು. ಅದು ಮೂರನೆಯ ಸುಳ್ಳು.

ಅದೆಲ್ಲ ಆದ ಹನ್ನೊಂದನೆಯ ದಿನ ಅವಳು ಮನೆಯಲ್ಲಿ ಹೇಳದೆ ಕೆರಿಯನ ಗುಡಿಸಲಿಗೆ ಹೋದಳು. ದೋಣಿಯನ್ನೂ ಬಲೆಯನ್ನೂ ಪೊಲೀಸರು ಒಯ್ದಿದ್ದರು. ಅವನು ಅಂಗಳದಲ್ಲಿ ಸುಮ್ಮನೆ ಕೂತಿದ್ದ, ಮಾಡಲು ಕೈಗೆ ಏನೂ ಇಲ್ಲದವನ ಹಾಗೆ. ಒಂದು ಕಣ್ಣು ಇನ್ನೂ ಊದಿತ್ತು. ಯಲ್ಲಾಪುರದಿಂದ ಬಂದ ಯಾರೋ ಹುಡುಗರು ಹೊಡೆದದ್ದು.

"ನೀನು ಯಾಕೆ ಹೇಳಲಿಲ್ಲ?" ಎಂದಳು. "ನಾನು ಮೂರು ದಿನ ಬರಲಿಲ್ಲ ಅಂತ ನಿನಗೆ ಗೊತ್ತಿತ್ತು."

"ಬರ್ಲಿಲ್ಲ ಅಂದ್ರೆ ಯಾಕ್ ಬರ್ಲಿಲ್ಲ ಕೇಳ್ತ್ರು ಅಮ್ಮಾ." ಅವನು ನೆಲ ಕೆರೆಯುತ್ತ ಹೇಳಿದ. "ನಿಮ್ಮಂಥ ಮನೆ ಹುಡುಗಿ ಮೈ ಸುದ್ದಿ ಠಾಣೇಲಿ ನಾ ತೆಗೀಲಾ? ನನ್ ಬಾಯಿಂದ ಬರೂ ಮಾತಲ್ಲ ಅದು. ನಂಗೂ ಮೂರ್ ಹೆಣ್ಮಕ್ಕಳು."

"ನಿನ್ನ ಜೈಲಿಗೆ ಹಾಕಿದರೆ?"

"ಹಾಕಿದ್ರೆ ಹಾಕ್ತ್ರು. ಕೇರಿ ಮುಳುಗಿದಾಗ್ಲೂ ನಮ್ಮನ್ನ ಯಾರು ಕೇಳೀರು?" ಅವಳ ಮುಖ ನೋಡದೆ ಹೇಳಿದ. "ಆ ಕೂಸಿನ ಕಾಲು ನನ್ ಕೈಯಾಗೆ ತಣ್ಣಗಿತ್ತು ಅಮ್ಮಾ. ಅದೊಂದು ಹೋಗೂದಿಲ್ಲ."

ಆ ರಾತ್ರಿಯ ದಿನಚರಿಯಲ್ಲಿ ಅವಳು ಏನೂ ಬರೆಯಲಿಲ್ಲ. ದಿನಾಂಕ ಮಾತ್ರ ಬರೆದು ಮುಚ್ಚಿಟ್ಟಳು.

ಹದಿನಾರನೆಯ ದಿನ ಪಂಚಾಯಿತಿಯ ಕಟ್ಟಡದಲ್ಲಿ ತಹಶೀಲ್ದಾರರ ವಿಚಾರಣೆ. ಹೊರಡುವ ಮೊದಲು ಪರಿಮಳೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನಿಗೆ ಎಲ್ಲವನ್ನೂ ಹೇಳಿದಳು. ಅಮ್ಮ ಸೌಟು ಹಿಡಿದುಕೊಂಡೇ ಕೇಳಿದಳು. ಮುಗಿದ ಮೇಲೆ ಮೊದಲು ನೋಡಿದ್ದು ಹಿತ್ತಿಲ ಬಾಗಿಲಲ್ಲಿ ಯಾರಾದರೂ ಇದ್ದಾರೆಯೇ ಎಂದು.

"ಆ ಸುದ್ದಿ ಅಲ್ಲಿ ತೆಗೆಯಡ ಕೂಸೆ. ಹೊರಗೆ ಕೂತಿದ್ದೆ ಹೇಳಿ ಹತ್ತು ಗಂಡಸ್ರ ಎದುರಿಗೆ ಹೇಳ್ತ್ವಾ? ನಾಳೆ ನಿನ್ನ ನೋಡಲೆ ಬಪ್ಪವ್ರಿಗೆ ಆನು ಎಂತ ಹೇಳಲಿ?"

"ಕೆರಿಯನ ಒಳಗೆ ಹಾಕ್ತ್ರು, ಆಯಿ."

"ಎಂತ ಆಗ್ತಿಲ್ಲೆ ಅವಂಗೆ. ನಾಕು ದಿನ ಕೂರ್ಸಿ ಬಿಡ್ತ್ರು. ನೀನು ಹೇಳಿರೆ ಸತ್ತ ಕೂಸು ಎದ್ದು ಬತ್ತಾ?"

ಅಜ್ಜಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಹೊಳೆ ಎಲ್ಲಿಗೂ ಓಡಿ ಹೋಗುವುದಿಲ್ಲ ಎಂದಿದ್ದವಳು ಅವಳೇ. ಜಪಮಣಿಯ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

ಪಂಚಾಯಿತಿಯ ಕೋಣೆಯಲ್ಲಿ ಇಪ್ಪತ್ತು ಮೂವತ್ತು ಗಂಡಸರು. ಹೆಂಗಸರೆಂದರೆ ಪರಿಮಳೆ, ಅವಳ ಹಿಂದೆ ಗೋಡೆಗೆ ಅಂಟಿ ಕೂತ ಅಮ್ಮ, ಮತ್ತು ಮುಂದಿನ ಬೆಂಚಿನ ತುದಿಯಲ್ಲಿ ಕಪ್ಪು ಬುರ್ಖಾದಲ್ಲಿ ನಸ್ರೀನಳ ತಾಯಿ ಬದ್ರುನ್ನಿಸಾ. ಮೇಜಿನ ಮೇಲೆ ಹಸಿರು ಪುಸ್ತಕ ತೆರೆದಿತ್ತು. ತಹಶೀಲ್ದಾರರು ಅದರ ಮೇಲೆ ಕೈಯಿಟ್ಟುಕೊಂಡಿದ್ದರು.

ಒಳಗೆ ಕರೆಯುವುದಕ್ಕೆ ಮೊದಲು ಮುಕ್ತಾರ್ ಅವಳ ಬಳಿ ಬಂದು ನಿಂತಿದ್ದ. ಗಡ್ಡ ಬೆಳೆದಿತ್ತು. ಬೈಯುತ್ತಾನೆ ಎಂದು ಅವಳು ಕಾದಳು, ಬೈದಿದ್ದರೆ ಸುಲಭವಿತ್ತು.

"ಮೇಡಂ, ಒಂದು ಕೇಳ್ಲಾ? ಅಕಿ ಅಲ್ಲಿ ಯಾಕ ಹೋದ್ಲು? ಏನ್ ನೋಡಾಕ ಹೋಗಿದ್ಲು?"

"ಬಲಗಾಲು ಯಲ್ಲಾಪುರ, ಎಡಗಾಲು ಅಂಕೋಲೆ ಅಂದಳು," ಎಂದಳು ಪರಿಮಳೆ. "ತಣ್ಣೀರು ಬಿಸಿನೀರು ಸೇರೋ ಕಡೆ ಎರಡು ಕಾಲಿಗೆ ಎರಡು ಥರ ಗೊತ್ತಾಗ್ತದೆ. ಅದು ಪೂರಾ ಗೊತ್ತಾಗೋ ಜಾಗ ಬೇಕಿತ್ತು ಅವಳಿಗೆ."

ಮುಕ್ತಾರ್ ತಲೆಯಾಡಿಸಿದ. "ಆ ಗೂಟ ಹೊಡದವನ ಕೈ ಬಿದ್ದು ಹೋಗ್ಲಿ," ಎಂದು ಹೇಳಿ ಒಳಗೆ ಹೋದ.

ಕೆರಿಯನನ್ನು ನಿಲ್ಲಿಸಿದರು. ಅವನು ಟವೆಲನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತ.

"ಗೂಟ ಎಲ್ಲಿ ಹೊಡೆದೆ?"

"ಮೊದ್ಲಿದ್ದಲ್ಲೇ ಒಡೆಯಾ. ಮರಕ್ಕೂ ಬಂಡೆಗೂ ಗೆರೆ ಹಿಡ್ದು ಹೊಡ್ದೆ."

"ಮೊದಲಿದ್ದಲ್ಲಿ ನೆಲ ಗಟ್ಟಿ ಇತ್ತಲ್ಲ? ಪುಸ್ತಕದಲ್ಲಿ ಇಪ್ಪತ್ತೆರಡು ದಿನವೂ ನಾಲ್ಕೇ ಬೆರಳು ಇದೆ. ಹಾಗಾದರೆ ಪುಸ್ತಕ ಸುಳ್ಳೋ, ನೀನು ಸುಳ್ಳೋ?"

ಕೆರಿಯ ಟವೆಲನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡ.

"ಇವರು ದಿನಾ ಅಳತೆಗೆ ಬರ್ತಿದ್ರಾ ಇಲ್ವಾ? ಅದನ್ನಾದರೂ ಹೇಳು."

ಕೆರಿಯ ಪರಿಮಳೆಯ ಕಡೆ ನೋಡಲಿಲ್ಲ. ಅವಳ ಕಾಲಿನ ಕಡೆ ನೆಲವನ್ನು ನೋಡಿದ, ಅವತ್ತು ಗೂಟ ಇಳಿದಾಗ ನೀರನ್ನು ನೋಡಿದ ಹಾಗೆಯೇ.

"ಬರ್ತಿದ್ರು ಒಡೆಯಾ," ಎಂದ. "ಅಮ್ಮ ದಿನಾ ಬರ್ತಿದ್ರು."

ಗುಮಾಸ್ತ ಬರೆದುಕೊಂಡ. ಕಮಲಾಕರ ಸರ್ ಕಣ್ಣು ಮುಚ್ಚಿ ತೆರೆದರು. ತಹಶೀಲ್ದಾರರು ಪುಸ್ತಕ ಮುಚ್ಚಲು ರಟ್ಟು ಎತ್ತಿದರು. ಕೊನೆಯ ಪುಟದ ಅಂಚಿನಲ್ಲಿ ಒಣಗಿದ ಹನಿಯ ಗುರುತು ಪರಿಮಳೆಗೆ ಅಷ್ಟು ದೂರದಿಂದಲೂ ಕಂಡಿತು.

ಅವಳು ಎದ್ದಳು. ಹಿಂದಿನಿಂದ ಅಮ್ಮನ ಕೈ ಸೆರಗು ಹಿಡಿಯಿತು. ಸೆರಗು ಬಿಗಿಯಾಯಿತು, ಹೆಗಲ ಮೇಲೆ ಪಿನ್ನು ಕಿತ್ತು ಬಂತು. ಎಲ್ಲ ಗಂಡಸರೂ ತಿರುಗಿ ನೋಡಿದರು. ಅವಳು ಯಾರನ್ನೂ ನೋಡದೆ, ಬೆಂಚಿನ ತುದಿಯ ಕಪ್ಪು ಬುರ್ಖಾದ ಕಡೆಗೆ ತಿರುಗಿ, ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದಳು.

"ಕಡೆಯ ಮೂರು ದಿನ ನಾನು ನೀರಿಗೆ ಹೋಗಿಲ್ಲ. ಮುಟ್ಟಾಗಿ ಮನೆಯಲ್ಲಿ ಹೊರಗೆ ಕೂತಿದ್ದೆ. ಆ ಅಂಕೆ ಅಳೆದದ್ದಲ್ಲ, ನಾನು ಬರೆದದ್ದು."